‘ವಾಲ್ವ್ ತೆಗೆಯಿರಿ’: ಒಂದು ಕೈಪಿಡಿ, ಮೂರು ಕರಡು

ನೀರು ಶುದ್ಧ ಮಾಡುವ ಒಂದು ಮರಳು ಫಿಲ್ಟರ್, ಅದಕ್ಕೊಂದು ಪಂಪ್. ಇವೆರಡನ್ನೂ ನಡೆಸುವವರಿಗೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡುವ ಕೆಲಸ ನನಗೆ ಬಂದಿತ್ತು. ನಲವತ್ತು ಪುಟದ ಪುಸ್ತಕ. ಓದುವವರು ಆಪರೇಟರ್‌ಗಳು. ಕನ್ನಡ ಚೆನ್ನಾಗಿ ಓದುತ್ತಾರೆ, ಯಂತ್ರದ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಆದರೆ ಇಂಗ್ಲಿಷ್ ಕೈಪಿಡಿ ಕೊಟ್ಟರೆ ಚಿತ್ರ ನೋಡಿ ಪಕ್ಕಕ್ಕಿಡುತ್ತಾರೆ. ಸುಲಭದ ಕೆಲಸ ಅಂದುಕೊಂಡಿದ್ದೆ. ಮೂರು ಸಲ ಬರೆಯಬೇಕಾಯಿತು. ಎರಡನೇ ಸಲದ್ದು ಒಬ್ಬರ ಮುಖಕ್ಕೆ ನೀರೆರಚಿತು, ನಿಜವಾಗಿಯೇ.

ಮೊದಲ ಕರಡಿನ ಒಂದು ವಾಕ್ಯ ಹೀಗಿತ್ತು:

“ಒತ್ತಡಮಾಪಕದಲ್ಲಿ ನಿಗದಿತ ಮೌಲ್ಯಕ್ಕಿಂತ ಅಧಿಕ ಒತ್ತಡ ದಾಖಲಾದಲ್ಲಿ ಬಹುದ್ವಾರ ಕವಾಟವನ್ನು ಹಿಮ್ಮುಖ ಪ್ರಕ್ಷಾಲನ ಸ್ಥಾನಕ್ಕೆ ಪರಿವರ್ತಿಸತಕ್ಕದ್ದು.”

ಇದನ್ನು ಬರೆದವನು ನಾನೇ. ಈಗ ಓದಿದರೆ ನಗು ಬರುತ್ತದೆ, ಆಗ ಹೆಮ್ಮೆಯಾಗಿತ್ತು. ಒಂದೂ ಇಂಗ್ಲಿಷ್ ಪದವಿಲ್ಲ, ವ್ಯಾಕರಣ ಸರಿಯಿದೆ, ಪ್ರತಿ ಭಾಗಕ್ಕೂ ಒಂದು ಹೆಸರಿದೆ. ಆಪರೇಟರ್ ಒಬ್ಬರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ ಯಂತ್ರದ ಕಡೆ ನೋಡಿ, “ಸರ್, ಈ ಕವಾಟ ಅನ್ನೋದು ಯಾವುದು?” ಅಂದರು. ಅವರ ಕೈ ಆ ಕವಾಟದ ಮೇಲೇ ಇತ್ತು.

ಹೃದಯದ ಕವಾಟ ಅವರಿಗೆ ಗೊತ್ತು, ಪತ್ರಿಕೆಯಲ್ಲಿ ಓದಿದ್ದಾರೆ. ಆದರೆ ಆ ಪದ ಈ ಕಬ್ಬಿಣದ ತುಂಡಿಗೂ ಹೊಂದುತ್ತದೆ ಅಂತ ಯಾಕೆ ಅನ್ನಿಸಬೇಕು? ಅದನ್ನು ಅವರು ದಿನವೂ ವಾಲ್ವ್ ಅಂತಲೇ ಕರೆಯುತ್ತಾರೆ. ಬಿಡಿಭಾಗ ತರಿಸುವಾಗ ವಾಲ್ವ್ ಅಂತಲೇ ಬರೆಯುತ್ತಾರೆ. ‘ಬಹುದ್ವಾರ ಕವಾಟ’ದ ಹಿಡಿಕೆಯ ಸುತ್ತ ಆರು ಸ್ಥಾನಗಳ ಹೆಸರು ಅಚ್ಚಾಗಿದ್ದವು: ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್, ವೇಸ್ಟ್, ರೀಸರ್ಕ್ಯುಲೇಟ್, ಕ್ಲೋಸ್ಡ್. ಬ್ಯಾಕ್‌ವಾಶ್ ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳಿನಲ್ಲಿ ಸೇರಿದ ಕೊಳೆ ತೊಳೆಯುವುದು, ನಾನು ‘ಹಿಮ್ಮುಖ ಪ್ರಕ್ಷಾಲನ’ ಅಂದದ್ದು ಅದನ್ನೇ. ಪುಸ್ತಕದಲ್ಲಿ ಹಾಗೆ ಓದಿದವರು ಹಿಡಿಕೆಯ ಮೇಲೆ ಆ ಪದ ಹುಡುಕಿದರೆ ಎಲ್ಲಿ ಸಿಗಬೇಕು? ನಾನು ಯಂತ್ರದ ಪಕ್ಕ ನಿಂತು ಬರೆದಿರಲಿಲ್ಲ, ನಿಘಂಟಿನ ಪಕ್ಕ ಕೂತು ಬರೆದಿದ್ದೆ.

ಹೀಗಾಗಿ ಮೊದಲ ಕರಡು ಹೋಯಿತು. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಷ್ಟದ ಪದ ಬೇಡ, ಸುಲಭದ ಪದ ಬಳಸಿ ಅನ್ನುವ ಬುದ್ಧಿಮಾತು ಎಲ್ಲರಿಗೂ ಗೊತ್ತಿರುವುದೇ.

ಒಂದು ಮಾತು ಮಾತ್ರ ಗಮನಿಸಿ. ಈ ಕರಡಿನಿಂದ ಯಾವ ಅನಾಹುತವೂ ಆಗಲಿಲ್ಲ. ಓದಿದವರು ನಿಂತರು, ಕೇಳಿದರು, ಅಷ್ಟೇ.

ಎರಡನೇ ಕರಡು: ಎಲ್ಲರಿಗೂ ಗೊತ್ತಿರುವ ಪದಗಳು

ಈ ಸಲ ಪೂರ್ತಿ ಉಲ್ಟಾ ಹೋದೆ. ಆಪರೇಟರ್‌ಗಳು ಮಾತಾಡುವಾಗ ಕೇಳಿಸಿಕೊಂಡೆ, ಅದೇ ಮಾತಲ್ಲಿ ಬರೆದೆ. ‘ಒತ್ತಡಮಾಪಕ’ ಗೇಜ್ ಆಯಿತು. ‘ಅವರೋಧ ಉಂಟಾದಲ್ಲಿ’ ಅನ್ನುವುದು ‘ಫಿಲ್ಟರ್ ಕಟ್ಟಿಕೊಂಡರೆ’ ಆಯಿತು. ಎರಡೂ ಒಳ್ಳೆಯ ಬದಲಾವಣೆಗಳೇ, ಕೊನೆಯವರೆಗೂ ಉಳಿದವು. ‘ಕಟ್ಟಿಕೊಂಡಿದೆ’ ಅಂದರೆ ಏನಾಗಿದೆ ಅಂತ ಯಾರಿಗೂ ವಿವರಿಸಬೇಕಿಲ್ಲ. ಮೂಗು ಕಟ್ಟುತ್ತದೆ, ಮೋರಿ ಕಟ್ಟುತ್ತದೆ, ಫಿಲ್ಟರೂ ಕಟ್ಟುತ್ತದೆ.

ಪಂಪ್ ಶುರು ಮಾಡುವ ಭಾಗದಲ್ಲಿ ಒಂದು ಹಂತ ಹೀಗಿತ್ತು: “ಮೋಟಾರ್ ಹಾಕಿದ ಮೇಲೆ ಫಿಲ್ಟರ್ ಮೇಲಿನ ಸಣ್ಣ ವಾಲ್ವ್ ತೆಗೆದು ಗಾಳಿ ಹೊರಗೆ ಬಿಡಿ.”

ಫಿಲ್ಟರ್ ತೊಟ್ಟಿಯ ತಲೆಯ ಮೇಲೆ ಒಂದು ಪುಟ್ಟ ವಾಲ್ವ್ ಇರುತ್ತದೆ. ತೊಟ್ಟಿಯೊಳಗೆ ಸೇರಿಕೊಂಡ ಗಾಳಿ ಹೋಗಲಿ ಅಂತ. ಪಂಪ್ ಓಡುತ್ತಿರುವಾಗ ಅದರ ತಲೆಯನ್ನು ಸ್ವಲ್ಪ ತಿರುಗಿಸಿದರೆ ಗಾಳಿ ಬುಸ್ ಅಂತ ಬರುತ್ತದೆ, ಆಮೇಲೆ ಗಾಳಿ ನೀರು ಎರಡೂ ಬೆರೆತು ಉಗುಳುತ್ತದೆ, ಕೊನೆಗೆ ಸರಾಗವಾಗಿ ನೀರು ಮಾತ್ರ ಬರುತ್ತದೆ. ಆಗ ಮುಚ್ಚಬೇಕು. ಕೆಲಸ ಇಷ್ಟೇ.

ಹೊಸದಾಗಿ ಸೇರಿದ ಆಪರೇಟರ್ ಒಬ್ಬರು ಈ ಸಾಲು ಓದಿ ಸ್ಪ್ಯಾನರ್ ತಂದರು. ಬುಡಕ್ಕೆ ಸ್ಪ್ಯಾನರ್ ಹಾಕಿ ಆ ವಾಲ್ವನ್ನು ಪೂರ್ತಿ ತಿರುಗಿಸಿ ತೆಗೆದರು. ಕೊನೆಯ ಒಂದೆರಡು ಸುತ್ತಿಗೆ ಬಂದಾಗ ವಾಲ್ವ್ ತಾನೇ ಹಾರಿತು. ಹಿಂದೆಯೇ ನೀರು. ಅವರು ಪಕ್ಕಕ್ಕೆ ವಾಲಿ ನಿಂತಿದ್ದರಿಂದ ಏಟಾಗಲಿಲ್ಲ. ಮೈಯೆಲ್ಲ ಒದ್ದೆಯಾಯಿತು, ವಾಲ್ವಿನ ತಿರುಪಿನ ಸುತ್ತು ಹಾಳಾಯಿತು, ಫಿಲ್ಟರ್ ಅರ್ಧ ದಿನ ನಿಂತಿತು.

ನಾನು ಹೋಗಿ ಕೇಳಿದಾಗ ಅವರು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. “ನೀವೇ ತೆಗೀರಿ ಅಂತ ಬರೆದಿದ್ದೀರಿ ಸರ್. ತೆಗೆದೆ.”

ಅವರ ಮಾತಲ್ಲಿ ಏನೂ ತಪ್ಪಿಲ್ಲ. ಬಾಗಿಲು ತೆಗೆ ಅಂದರೆ ತೆರೆ ಅಂತ. ಮೊಳೆ ತೆಗೆ ಅಂದರೆ ಕಿತ್ತು ಹೊರಗಿಡು ಅಂತ. ಕೆಲವು ಕಡೆ ಲೈಟ್ ತೆಗೆ ಅಂದರೆ ಆರಿಸು ಅಂತ. ಒಂದೇ ಪದ, ಮೂರು ಕೆಲಸ. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಬಾಗಿಲನ್ನು ಯಾರೂ ಕೀಲಿನಿಂದ ಕಿತ್ತು ತೆಗೆಯುವುದಿಲ್ಲ, ಮೊಳೆಯನ್ನು ಯಾರೂ ತೆರೆಯುವುದಿಲ್ಲ. ಮುಂದಿರುವ ವಸ್ತುವೇ ಅರ್ಥ ಹೇಳಿಬಿಡುತ್ತದೆ. ವಾಲ್ವ್ ಹಾಗಲ್ಲ. ಅದನ್ನು ತೆರೆಯಲೂಬಹುದು, ಕಿತ್ತಿಡಲೂಬಹುದು. ಒಂದು ದಿನದ ಮಾಮೂಲಿ ಕೆಲಸ, ಇನ್ನೊಂದು ರಿಪೇರಿ ಕೆಲಸ. ಎರಡೂ ಒಂದೇ ಕೈಪಿಡಿಯಲ್ಲಿ ಬರುತ್ತವೆ.

‘ಹಾಕು’ ಇನ್ನೂ ತಮಾಷೆಯದ್ದು. ಸ್ವಿಚ್ ಹಾಕು ಅಂದರೆ ಕರೆಂಟ್ ಹರಿಯಲಿ ಅಂತ. ಬಾಗಿಲು ಹಾಕು ಅಂದರೆ ದಾರಿ ಮುಚ್ಚು ಅಂತ. ಹಾಗಾದರೆ ವಾಲ್ವ್ ಹಾಕಿ ಅಂದರೆ? ನೀರು ಹರಿಯಬೇಕಾ, ನಿಲ್ಲಬೇಕಾ? ಅಥವಾ ಬಿಚ್ಚಿಟ್ಟಿದ್ದನ್ನು ವಾಪಸ್ ಜೋಡಿಸಬೇಕಾ? ಮೂವರನ್ನು ಕೇಳಿದೆ. ಮೂವರೂ ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟರು. ಉತ್ತರ ಮಾತ್ರ ಒಂದೇ ಆಗಿರಲಿಲ್ಲ.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ‘ಕವಾಟ’ ಓದಿದವರು ನಿಂತು ಕೇಳಿದರು. ‘ತೆಗೆದು’ ಓದಿದವರು ಕೇಳಲಿಲ್ಲ. ಕೇಳುವುದಕ್ಕೆ ಕಾರಣವೇ ಇರಲಿಲ್ಲ, ಯಾಕಂದರೆ ಆ ಪದ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ ಪದ ಓದುವವರ ಸಮಯ ತಿನ್ನುತ್ತದೆ, ಸಿಟ್ಟು ತರಿಸುತ್ತದೆ, ಆದರೆ ತಾನು ಗೊತ್ತಿಲ್ಲದ ಪದ ಅನ್ನುವುದನ್ನು ಮುಚ್ಚಿಡುವುದಿಲ್ಲ. ಹಲವು ಅರ್ಥದ ಪರಿಚಿತ ಪದ ಹಾಗಲ್ಲ. ಓದಿದವರಿಗೆ ಒಂದು ಅರ್ಥ ಹೊಳೆಯುತ್ತದೆ, ಇನ್ನೊಂದು ಇದೆ ಅನ್ನುವುದೇ ನೆನಪಾಗುವುದಿಲ್ಲ.

ಇಂಗ್ಲಿಷ್ ಪದ ಹಾಕಿದರೆ ಸರಿ ಹೋಗುತ್ತಾ?

ನಡೆದದ್ದನ್ನು ಕೇಳಿದ ಇಂಜಿನಿಯರ್ ಒಬ್ಬರು, “ತಲೆ ಕೆಡಿಸ್ಕೋಬೇಡಿ, ಓಪನ್ ಮಾಡಿ, ಕ್ಲೋಸ್ ಮಾಡಿ ಅಂತ ಬರೀರಿ, ಎಲ್ಲರಿಗೂ ಅರ್ಥ ಆಗತ್ತೆ” ಅಂದರು. ಒಳ್ಳೆಯ ಸಲಹೆ ಅನ್ನಿಸಿತು. ಇಂಗ್ಲಿಷ್ ಪದದ ಬಗ್ಗೆ ನನಗೆ ಮಡಿ ಇಲ್ಲ, ಗೇಜ್ ವಾಲ್ವ್ ಎಲ್ಲ ಆಗಲೇ ಒಳಗೆ ಬಂದಿದ್ದವು. ಬರೆದು ನೋಡಿದೆ. “ವಾಲ್ವ್ ಓಪನ್ ಮಾಡಿ” ಸರಿಯಾಗಿತ್ತು. ಆಮೇಲೆ ರಿಪೇರಿ ಮಾಡುವವರು ಮಾತಾಡುವುದು ಕಿವಿಗೆ ಬಿತ್ತು. “ಪಂಪ್ ಸೌಂಡ್ ಬರ್ತಿದೆ, ಓಪನ್ ಮಾಡಿ ನೋಡ್ಬೇಕು.” ಅವರ ಬಾಯಲ್ಲಿ ಓಪನ್ ಅಂದರೆ ಬೋಲ್ಟ್ ಬಿಚ್ಚಿ ಒಳಗೆ ನೋಡುವುದು. ಎಂಜಿನ್ ಓಪನ್ ಮಾಡುತ್ತಾರೆ, ಗೇರ್‌ಬಾಕ್ಸ್ ಓಪನ್ ಮಾಡುತ್ತಾರೆ. ಹಾಗಾದರೆ ವಾಲ್ವ್ ಕೆಟ್ಟಾಗ ಅದನ್ನೂ ಓಪನ್ ಮಾಡುತ್ತಾರೆ ಅಲ್ವಾ? ಕನ್ನಡಕ್ಕೆ ಬಂದ ಮೇಲೆ ಓಪನ್ ಕೂಡ ‘ತೆಗೆ’ಯ ಹಾಗೆಯೇ ಆಗಿಬಿಟ್ಟಿದೆ. ಎಷ್ಟೇ ಆಗಲಿ ನಮ್ಮವರ ಬಾಯಲ್ಲಿ ಬೆಳೆದದ್ದು.

ಇದು ಕನ್ನಡದ ಕೊರತೆ ಅಂತ ಯಾರೂ ಅಂದುಕೊಳ್ಳಬಾರದು. ವಿಮಾನ ರಿಪೇರಿಯ ಕೈಪಿಡಿ ಬರೆಯುವವರಿಗೆ ಇಂಗ್ಲಿಷಿನಲ್ಲೇ ಈ ತಲೆನೋವು ಬಂದಿತ್ತು. ಆ ಕೈಪಿಡಿಗಳನ್ನು ಓದುವವರಲ್ಲಿ ಬಹಳ ಮಂದಿಗೆ ಇಂಗ್ಲಿಷ್ ಮನೆಮಾತಲ್ಲ. ಹಾಗಾಗಿ ಅವರಿಗೆಂದೇ ಒಂದು ಕಟ್ಟುಪಾಡಿನ ಇಂಗ್ಲಿಷ್ ತಯಾರಾಯಿತು. ಮೊದಲ ಮಾರ್ಗದರ್ಶಿ ಬಂದದ್ದು 1986ರಲ್ಲಿ. ಇವತ್ತು ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಅದರ ಪದಪಟ್ಟಿಯಲ್ಲಿ ಒಪ್ಪಿಗೆ ಪಡೆದ ಸಾಮಾನ್ಯ ಪದಗಳು ಸುಮಾರು 900 ಮಾತ್ರ, ಒಂದು ಪದಕ್ಕೆ ಒಂದೇ ಅರ್ಥ. ‘ಕ್ಲೋಸ್’ ಅನ್ನುವುದನ್ನು ಮುಚ್ಚು ಅನ್ನುವ ಅರ್ಥದಲ್ಲಿ ಬಳಸಬಹುದು, ಹತ್ತಿರ ಅನ್ನುವ ಅರ್ಥದಲ್ಲಿ ಬಳಸುವಂತಿಲ್ಲ, ಅದಕ್ಕೆ ‘ನಿಯರ್’ ಇದೆ. ‘ಫಾಲೋ’ ಅಂದರೆ ಒಂದರ ಹಿಂದೆ ಬರುವುದು ಅಷ್ಟೇ, ಸೂಚನೆ ಪಾಲಿಸಿ ಅನ್ನುವುದಕ್ಕೆ ಅದನ್ನು ತರುವಂತಿಲ್ಲ. ಕ್ಲೋಸ್, ಫಾಲೋ ಇವೆಲ್ಲ ಕಷ್ಟದ ಪದಗಳೇನಲ್ಲ, ಮಗುವಿಗೂ ಗೊತ್ತಿರುವಂಥವು. ಅಂಥವಕ್ಕೇ ಅವರು ಬೇಲಿ ಹಾಕಿದ್ದು. ಇದನ್ನು ನಾನು ಮೊದಲೇ ಓದಿದ್ದೆ. ಇಂಗ್ಲಿಷಿನವರ ಸಮಸ್ಯೆ ಅಂತ ಪಕ್ಕಕ್ಕಿಟ್ಟಿದ್ದೆ.

ಮೂರನೇ ಕರಡು

ಈ ಸಲ ಬರೆಯುವ ಮೊದಲು ಕ್ರಿಯಾಪದಗಳ ಪಟ್ಟಿ ಮಾಡಿದೆ. ಭಾಗಗಳ ಹೆಸರಿನ ವಿಷಯ ಬೇಗ ಮುಗಿಯಿತು: ಯಂತ್ರದ ಮೈಮೇಲೆ ಅಚ್ಚಾಗಿರುವ ಪದವೇ ಪುಸ್ತಕದಲ್ಲೂ ಇರಬೇಕು, ಬೇರೆ ಚರ್ಚೆಯೇ ಇಲ್ಲ. ಹೀಗೆ ಬ್ಯಾಕ್‌ವಾಶ್ ಉಳಿಯಿತು. ಎರಡನೇ ಕರಡಿನಲ್ಲಿ ನಾನು ಉತ್ಸಾಹದಿಂದ ಬರೆದಿದ್ದ ‘ಉಲ್ಟಾ ತೊಳೆಯಿರಿ’ ಹೋಯಿತು. ಅದನ್ನು ಓದಿದವರೊಬ್ಬರು, ಇಷ್ಟು ಭಾರದ ತೊಟ್ಟಿಯನ್ನು ಉಲ್ಟಾ ಮಾಡುವುದು ಹೇಗೆ ಅಂತ ಕೇಳಿದ್ದರು. ತಮಾಷೆ ಮಾಡಿದರಾ, ನಿಜವಾಗಿ ಕೇಳಿದರಾ, ಇವತ್ತಿಗೂ ಗೊತ್ತಿಲ್ಲ.

ಕ್ರಿಯಾಪದಗಳದ್ದು ಮಾತ್ರ ದೊಡ್ಡ ಕೆಲಸವಾಯಿತು. ತೆಗೆ, ಹಾಕು, ಬಿಡು, ಹಿಡಿ, ಬಂದ್ ಮಾಡು, ಇವೈದನ್ನು ಸೂಚನೆಗಳಲ್ಲಿ ಬಳಸುವಂತಿಲ್ಲ ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಬರೆಯುತ್ತಾ ಹೋದಂತೆ ಗೊತ್ತಾಯಿತು, ಇವಿಲ್ಲದೆ ಒಂದು ಪುಟ ಬರೆಯುವುದೂ ಕಷ್ಟ. ಬಲಗೈ ಕಟ್ಟಿಕೊಂಡು ಊಟ ಮಾಡಿದ ಹಾಗೆ.

ನೀರಿಗೆ ದಾರಿ ಮಾಡಿಕೊಡಲು ‘ತೆರೆಯಿರಿ’, ದಾರಿ ನಿಲ್ಲಿಸಲು ‘ಮುಚ್ಚಿ’. ‘ತೆರೆಯಿರಿ’ ಅನ್ನುವುದನ್ನು ಬಾಯಲ್ಲಿ ಯಾರೂ ಅಷ್ಟಾಗಿ ಹೇಳುವುದಿಲ್ಲ, ನಲ್ಲಿ ತೆರೆ ಅಂತ ಮನೆಯಲ್ಲಿ ಕೂಗಿದರೆ ನಾಟಕದ ಮಾತಿನ ಹಾಗೆ ಕೇಳುತ್ತದೆ. ಆದರೆ ಓದಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಕಿತ್ತಿಡು ಅನ್ನುವ ಅರ್ಥ ಅದಕ್ಕೆ ಇಲ್ಲವೇ ಇಲ್ಲ. ಬಾಯಲ್ಲಿ ಕಡಿಮೆ ಬಳಕೆಯ ಪದವೇ ಇಲ್ಲಿ ಗೆದ್ದಿತು. ಮೋಟಾರಿಗೆ ಆನ್ ಮಾಡಿ, ಆಫ್ ಮಾಡಿ. ಅದಕ್ಕೆ ಕನ್ನಡ ಹುಡುಕಲಿಲ್ಲ.

ಬಿಚ್ಚುವ ಕೆಲಸಕ್ಕೆ ಮೂರು ಪದ ಬೇಕಾಯಿತು. ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿ ಅಲ್ಲೇ ಬಿಡುವುದು ಒಂದು, ಅದು ‘ಸಡಿಲಿಸಿ’. ಪೂರ್ತಿ ತಿರುಗಿಸಿ ಹೊರಗಿಡುವುದು ಇನ್ನೊಂದು, ಅದು ‘ಬಿಚ್ಚಿ’. ಬೋಲ್ಟ್ ಎಲ್ಲ ಬಿಚ್ಚಿದ ಮೇಲೆ ಭಾಗವನ್ನೇ ಬೇರೆ ಮಾಡಿ ಎತ್ತಿಡುವುದು ಮೂರನೆಯದು, ಅದಕ್ಕೆ ‘ಕಳಚಿ’. ಇಲ್ಲಿ ತಕರಾರು ಬಂತು. ಕಳಚಿ ಅನ್ನುವುದು ಹಳೇ ಪದ, ಈಗಿನವರು ಬಳಸಲ್ಲ ಅಂದರು ಇಂಜಿನಿಯರ್. ಆಪರೇಟರ್‌ಗಳಲ್ಲಿ ವಯಸ್ಸಾದವರೊಬ್ಬರು, “ಯಾಕೆ ಸರ್, ಹಾವು ಪೊರೆ ಕಳಚಲ್ವಾ?” ಅಂದರು. ಅಲ್ಲಿಗೆ ತಕರಾರು ಮುಗಿಯಿತು.

ತಲೆ ತಿಂದದ್ದು ‘ಪ್ರೈಮಿಂಗ್’. ಪಂಪ್ ಶುರುವಾಗುವ ಮೊದಲು ಅದರ ಹೊಟ್ಟೆಯಲ್ಲಿ ನೀರು ತುಂಬಿರಬೇಕು. ಗಾಳಿ ಇದ್ದರೆ ಪಂಪ್ ಸುಮ್ನೆ ತಿರುಗುತ್ತದೆ, ನೀರು ಎಳೆಯುವುದಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ರೆಕ್ಕೆ ಅದೇ ವೇಗದಲ್ಲಿ ತಿರುಗಿದರೂ ಗಾಳಿಯನ್ನು ಎಸೆದು ಹುಟ್ಟುವ ಒತ್ತಡ ಏನಕ್ಕೂ ಸಾಲದು. ಅಷ್ಟೇ ಅಲ್ಲ, ಒಳಗಿನ ಸೀಲ್ ತಣ್ಣಗಿರುವುದೇ ನೀರಿನಿಂದ. ಒಣಗಿ ತಿರುಗಿದರೆ ಸುಟ್ಟುಹೋಗುತ್ತದೆ.

ಪ್ರೈಮಿಂಗ್ ಅನ್ನುವ ಪದ ಆಪರೇಟರ್‌ಗಳಲ್ಲಿ ಅರ್ಧಕ್ಕರ್ಧ ಮಂದಿಗೆ ಗೊತ್ತಿರಲಿಲ್ಲ. ಎರಡನೇ ಕರಡಿನಲ್ಲಿ ‘ನೀರು ತುಂಬಿಸಿ’ ಅಂತ ಬರೆದಿದ್ದೆ. ಅದಕ್ಕಿಂತ ಸುಲಭದ ಮಾತು ಕನ್ನಡದಲ್ಲಿ ಇರಲಾರದು. ಆದರೆ ಕೈಪಿಡಿಯಲ್ಲಿ ತೊಟ್ಟಿಗೂ ನೀರು ತುಂಬಿಸುತ್ತೇವೆ, ಟ್ಯಾಂಕಿಗೂ ತುಂಬಿಸುತ್ತೇವೆ. ಕೆಟ್ಟಾಗ ಏನು ಮಾಡಬೇಕು ಅನ್ನುವ ಪುಟದಲ್ಲಿ “ನೀರು ತುಂಬಿಸಿದ್ದೀರಾ ನೋಡಿ” ಅಂತ ಇತ್ತು. ಓದಿದವರು ಟ್ಯಾಂಕ್ ಇಣುಕಿ ನೋಡಿ, ತುಂಬಿದೆ ಅಂತ ಮುಂದಿನ ಸಾಲಿಗೆ ಹೋದರು. ಪಂಪಿನ ಹೊಟ್ಟೆ ಖಾಲಿಯೇ ಇತ್ತು.

ಇಲ್ಲಿ ನಾನು ಬೇಕೆಂದೇ ಗೊತ್ತಿಲ್ಲದ ಪದವನ್ನು ಉಳಿಸಿಕೊಂಡೆ. ಮೊದಲ ಸಲ ಬರುವ ಕಡೆ ಹೀಗೆ ಬರೆದೆ: “ಪಂಪ್ ಆನ್ ಮಾಡುವ ಮೊದಲು ಪ್ರೈಮಿಂಗ್ ಮಾಡಬೇಕು. ಪಂಪಿನೊಳಗಿನ ಗಾಳಿ ಹೋಗುವಂತೆ ಅದರ ಬಾಯಿಯವರೆಗೆ ನೀರು ಸುರಿಯುವುದೇ ಪ್ರೈಮಿಂಗ್.” ಪಕ್ಕದಲ್ಲಿ ಒಂದು ಚಿತ್ರ. ಆಮೇಲೆ ಎಲ್ಲ ಕಡೆ ಪ್ರೈಮಿಂಗ್ ಅಂತಲೇ. ಪದ ಹೊಸದಾದ್ದರಿಂದ ಅದಕ್ಕೆ ಹಳೇ ಅರ್ಥಗಳ ಸಾಲ ಇರಲಿಲ್ಲ. ನಾವು ಕೊಟ್ಟ ಅರ್ಥ ಒಂದನ್ನೇ ಹೊತ್ತುಕೊಂಡಿತು. ಎರಡು ವಾರದಲ್ಲಿ “ಪ್ರೈಮ್ ಮಾಡಿದ್ಯಾ?” ಅಂತ ಅವರವರಲ್ಲೇ ಕೇಳಿಕೊಳ್ಳುವುದು ಕಿವಿಗೆ ಬಿತ್ತು.

ಆದರೆ ಎಲ್ಲ ಹೊಸ ಪದಕ್ಕೂ ಈ ಮರ್ಯಾದೆ ಕೊಡಲಾಗುವುದಿಲ್ಲ. ಹೀಗೆ ಕಲಿಸಿ ಉಳಿಸಿಕೊಂಡದ್ದು ನಾಲ್ಕೇ ಪದ. ಪುಟಕ್ಕೊಂದು ಹೊಸ ಪದ ಕಲಿಯಿರಿ ಅಂದರೆ ಯಾರೂ ಕಲಿಯುವುದಿಲ್ಲ, ನಾನೂ ಕಲಿಯುವುದಿಲ್ಲ.

ಇನ್ನೊಂದು ಪದದ ತುದಿ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಕೊನೆಗೆ: ‘-ಬಹುದು’. “ಬ್ಯಾಕ್‌ವಾಶ್ ಮಾಡುವಾಗ ವೇಸ್ಟ್ ಪೈಪಿನಲ್ಲಿ ಸ್ವಲ್ಪ ಮರಳು ಬರಬಹುದು.” ಇದು ಎಚ್ಚರಿಕೆಯಾ, ಸಮಾಧಾನವಾ? ಬಂದರೆ ಪರವಾಗಿಲ್ಲ ಅಂತಲೂ ಓದಬಹುದು, ಬರುವ ಅಪಾಯ ಇದೆ ನೋಡಿಕೊಳ್ಳಿ ಅಂತಲೂ ಓದಬಹುದು. (ನೋಡಿ, ಇಲ್ಲೂ ಬಹುದು.) ಇಂಟರ್‌ನೆಟ್ಟಿನ ತಾಂತ್ರಿಕ ನಿಯಮ ಬರೆಯುವವರು ಇಂಥ ಗೊಂದಲ ಬೇಡ ಅಂತ 1997ರಲ್ಲಿ ಆರ್‌ಎಫ್‌ಸಿ 2119 ಅನ್ನುವ ಪುಟ್ಟ ದಾಖಲೆಯಲ್ಲಿ ‘ಮಸ್ಟ್’, ‘ಶುಡ್’, ‘ಮೇ’ ಪದಗಳಿಗೆ ಖಚಿತ ಅರ್ಥ ಕಟ್ಟಿದರು. ಅಷ್ಟಾದರೂ ಸಾಲದೆ 2017ರಲ್ಲಿ ಇನ್ನೊಂದು ದಾಖಲೆ ತಂದು, ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ ಆ ವಿಶೇಷ ಅರ್ಥ ಅಂತ ಸ್ಪಷ್ಟ ಮಾಡಬೇಕಾಯಿತು. ನಮಗೆ ಆ ಅನುಕೂಲವೂ ಇಲ್ಲ, ಕನ್ನಡದಲ್ಲಿ ದೊಡ್ಡಕ್ಷರವೆಲ್ಲಿ? ನಾನು ಸುಮ್ಮನೆ ವಾಕ್ಯ ಬಿಡಿಸಿ ಬರೆದೆ. “ಮೊದಲ ಬ್ಯಾಕ್‌ವಾಶ್‌ನಲ್ಲಿ ಸ್ವಲ್ಪ ಮರಳು ಬರುತ್ತದೆ. ಅದು ಸಹಜ. ಆಮೇಲೂ ಬರುತ್ತಿದ್ದರೆ ಪಂಪ್ ಆಫ್ ಮಾಡಿ, ಮೇಲಿನವರಿಗೆ ತಿಳಿಸಿ.” ವಾಕ್ಯ ಮೂರಾಯಿತು, ಜಾಗ ಜಾಸ್ತಿ ಹಿಡಿಯಿತು.

ಪರೀಕ್ಷೆ ಮಾಡುವ ರೀತಿಯನ್ನೂ ಬದಲಾಯಿಸಿದೆ. ಮೊದಲೆರಡು ಕರಡುಗಳಲ್ಲಿ ಓದಿಸಿ, “ಅರ್ಥ ಆಯ್ತಾ?” ಅಂತ ಕೇಳುತ್ತಿದ್ದೆ. ಈ ಪ್ರಶ್ನೆಗೆ ಸಾಮಾನ್ಯವಾಗಿ ಆಯ್ತು ಅಂತಲೇ ಉತ್ತರ ಬರುತ್ತದೆ. ಮರ್ಯಾದೆಗೆ ಹೇಳುವವರಿದ್ದಾರೆ, ನಿಜವಾಗಿ ಅರ್ಥವಾಗಿದೆ ಅಂದುಕೊಂಡು ಹೇಳುವವರಿದ್ದಾರೆ. ‘ತೆಗೆದು’ ಓದಿದವರೂ ಆಯ್ತು ಅಂದಿರುತ್ತಿದ್ದರು. ಮೂರನೇ ಸಲ ಪಂಪಿನ ಕರೆಂಟ್ ತಪ್ಪಿಸಿ, ಒತ್ತಡ ಇಳಿಸಿ, ಪುಸ್ತಕ ಅವರ ಕೈಗೆ ಕೊಟ್ಟು, “ಓದ್ತಾ ಓದ್ತಾ ಕೈಯಲ್ಲಿ ಮಾಡಿ ತೋರಿಸಿ” ಅಂದೆ. ನಾನು ಬಾಯಿ ಮುಚ್ಚಿಕೊಂಡು ಅವರ ಕೈ ನೋಡುತ್ತಾ ನಿಂತೆ. ಕೈ ಎಲ್ಲಿ ತಡೆಯಿತು, ಎಲ್ಲಿ ತಪ್ಪು ಭಾಗದ ಕಡೆ ಹೋಯಿತು, ಅಷ್ಟನ್ನೇ ಬರೆದುಕೊಂಡೆ. ತಡೆದ ಕಡೆ ಹೆಚ್ಚಾಗಿ ಪದ ಹೊಸದಾಗಿತ್ತು. ತಡೆಯದೆ ತಪ್ಪು ಕಡೆ ಹೋದಲ್ಲಿ ಪದ ತೀರಾ ಹಳೆಯದಾಗಿತ್ತು.

ಅಚ್ಚಿಗೆ ಕಳಿಸುವ ಹಿಂದಿನ ದಿನ ಕಂಪ್ಯೂಟರಿನಲ್ಲಿ ‘ತೆಗೆ’ ಅಂತ ಹುಡುಕಿದೆ. ಎಲ್ಲ ಹೋಗಿರಬೇಕು ಅಂದುಕೊಂಡಿದ್ದೆ. ಒಂದು ಸಿಕ್ಕಿತು: “ದಿನಕ್ಕೆರಡು ಸಲ ಗೇಜ್‌ನ ರೀಡಿಂಗ್ ತೆಗೆದುಕೊಳ್ಳಿ.” ನೋಡಿಕೊಳ್ಳಿ ಅನ್ನಲಾ, ಬರೆದುಕೊಳ್ಳಿ ಅನ್ನಲಾ ಅಂತ ಯೋಚಿಸುತ್ತಾ ಕೂತೆ. ಆಮೇಲೆ ವಾಲ್ವ್ ಹಾರಿಸಿದ್ದ ಆ ಆಪರೇಟರಿಗೇ ಫೋನ್ ಮಾಡಿ ಸಾಲು ಓದಿ ಹೇಳಿದೆ, ಏನು ಮಾಡ್ತೀರಿ ಅಂತ ಕೇಳಿದೆ.

“ಗೇಜ್ ನೋಡಿ ಪುಸ್ತಕದಲ್ಲಿ ಬರೀತೀನಿ ಸರ್,” ಅಂದರು. ಸ್ವಲ್ಪ ತಡೆದು, “ಸ್ಪ್ಯಾನರ್ ತರಲ್ಲ,” ಅಂದರು.

ಆ ಒಂದನ್ನು ಹಾಗೇ ಬಿಟ್ಟೆ.